ತಣ್ಣಗಿದ್ದ ಪೈಪು

ಇನ್ನೂರು ಬ್ಯಾಚುಗಳ ಲಾಗ್‌ಬುಕ್ಕನ್ನು ಮೂರು ದಿನ ಕೂತು ಕಂಪ್ಯೂಟರಿಗೆ ಏರಿಸಿ ಮುಗಿಸಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಸುರಿಯಲು ತೆಗೆದುಕೊಂಡ ಸಮಯ: ನಾಲ್ಕು ಗಂಟೆ. ಮುಂದಿನ ಬ್ಯಾಚು: ನಾಲ್ಕು ಗಂಟೆ. ಅದರ ಮುಂದಿನದು: ನಾಲ್ಕು ಗಂಟೆ ಐದು ನಿಮಿಷ. ಹೀಗೆ ಇನ್ನೂರೂ ಶಾಲೆಯ ಪ್ರಾರ್ಥನೆಗೆ ಸಾಲು ನಿಂತ ಮಕ್ಕಳಂತೆ ನಿಂತಿದ್ದವು. ನಮ್ಮ ಕಸುಬಿನಲ್ಲಿ ಇಷ್ಟು ಶಿಸ್ತಿನ ಅಂಕಿ ಸಿಗುವುದು ಅಪರೂಪ. ಬೇಲಾಪುರದ ನಮ್ಮ ಆಫೀಸಿನಲ್ಲಿ ನಾನು ಅವತ್ತು ಎರಡು ಕಪ್ ಚಹಾ ಹೆಚ್ಚಿಗೆ ಕುಡಿದೆ.

ಕೆಲಸ ಏನೆಂದು ಹೇಳಿಬಿಡುತ್ತೇನೆ. ಡೊಂಬಿವಲಿಯ ಎಮ್‌ಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಒಬ್ಬ ಸೇಠ್‌ನ ಸಣ್ಣ ಕಾರ್ಖಾನೆ, ಬಣ್ಣದ ಉದ್ಯಮಕ್ಕೆ ಬೇಕಾಗುವ ಒಂದು ಕಚ್ಚಾ ಸರಕನ್ನು ತಯಾರಿಸುತ್ತದೆ. ಅಲ್ಲೊಂದು ರಿಯಾಕ್ಟರ್, ಎಂದರೆ ಒಳಮೈಗೆ ಗಾಜಿನ ಲೇಪ ಇರುವ ಆಳೆತ್ತರದ ಉಕ್ಕಿನ ಹಂಡೆ. ಅದರಲ್ಲಿ ಒಂದು ದ್ರಾವಣವನ್ನು ಅರವತ್ತು ಡಿಗ್ರಿಗೆ ಕಾಯಿಸಿಟ್ಟು, ಮೇಲಿನ ಟ್ಯಾಂಕಿನಿಂದ ಇನ್ನೊಂದು ದ್ರವವನ್ನು ನಿಧಾನವಾಗಿ ಬಿಡಬೇಕು. ಎರಡೂ ಸೇರಿದ ಕೂಡಲೇ ಶಾಖ ಹುಟ್ಟುತ್ತದೆ. ಹಂಡೆಯ ಸುತ್ತಲಿನ ಜಾಕೆಟ್ಟಿನಲ್ಲಿ ಹರಿಯುವ ತಣ್ಣೀರು ಆ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ನೀರು ನಿಂತುಹೋಗಿ ಒಳಗಿನ ಬಿಸಿ ನೂರಹತ್ತು ದಾಟಿತೋ, ಸರಕೇ ಒಡೆದು ಅನಿಲವಾಗಲು ಶುರುವಾಗುತ್ತದೆ. ಆಮೇಲೆ ಯಾರೂ ಏನೂ ಮಾಡುವಂತಿಲ್ಲ. ಆ ಒತ್ತಡ ಹಂಡೆಯನ್ನು ಸೀಳದೆ ಹೊರಗೆ ಹೋಗಲು ಎಷ್ಟು ದಪ್ಪದ ಪೈಪು ಬೇಕು ಎಂದು ಲೆಕ್ಕ ಹಾಕಿ, ಕೆಳಗೆ ಸಹಿ ಹಾಕುವುದು ನನ್ನ ಕೆಲಸ.

ಪೈಪಿನ ದಪ್ಪ ಒಂದೇ ಒಂದು ಪ್ರಶ್ನೆಯ ಮೇಲೆ ನಿಂತಿತ್ತು. ನೀರು ನಿಂತ ಆ ಗಳಿಗೆಯಲ್ಲಿ, ಹಂಡೆಗೆ ಬಿದ್ದೂ ಇನ್ನೂ ಕೆಲಸ ಶುರು ಮಾಡದ ಸರಕು ಎಷ್ಟಿರುತ್ತದೆ? ಅರವತ್ತು ಡಿಗ್ರಿಯಲ್ಲಿ ನಾಲ್ಕು ಗಂಟೆ ನಿಧಾನವಾಗಿ ಬಿಟ್ಟರೆ ಬಿದ್ದದ್ದು ಬಿದ್ದ ಹಾಗೆ ತೀರಿಹೋಗುತ್ತದೆ, ಉಳಿಯುವುದು ಸ್ವಲ್ಪವೇ. ಆ ಲೆಕ್ಕದಲ್ಲಿ ಆರು ಇಂಚಿನ ಪೈಪು ಸಾಕು. ಹಂಡೆಯ ತಲೆಯ ಮೇಲೆ ಖಾಲಿ ಉಳಿದಿದ್ದ ಬಾಯಿಯೂ ಆರೇ ಇಂಚಿನದು. ದೇವರು ಅಪರೂಪಕ್ಕೆ ಎಂಜಿನಿಯರುಗಳ ಕಡೆ ತಿರುಗಿ ನೋಡಿದ ಹಾಗಾಯಿತು.

ಆಫೀಸಿನ ಮುಖ್ಯಸ್ಥರಾದ ನಮ್ಮ ಸರ್ ಧಾರವಾಡದವರು. ಮೂವತ್ತು ವರ್ಷದಿಂದ ನವಿ ಮುಂಬಯಿಯಲ್ಲಿದ್ದರೂ ಮಾತು ಇನ್ನೂ ಅಲ್ಲಿಯದೇ. ಅವರ ಹತ್ತಿರ ಒಂದು ಕಡ್ಡಾಯ ಪದ್ಧತಿ: ಲೆಕ್ಕದ ಪ್ರತಿ ಅಂಕಿಯ ಪಕ್ಕ ಅದು ಎಲ್ಲಿಂದ ಬಂತು ಎಂದು ಬರೆಯಬೇಕು. ಅಳೆದದ್ದು, ಪುಸ್ತಕದ್ದು, ಯಾರೋ ಹೇಳಿದ್ದು, ಊಹೆ. ಊಹೆಯನ್ನು ಪೆನ್ಸಿಲಿನಲ್ಲೇ ಬರೆಯಬೇಕು. ನಾನು ನಾಲ್ಕು ಗಂಟೆಯ ಪಕ್ಕ ಪೆನ್ನಿನಲ್ಲಿ 'ಅಳೆದದ್ದು' ಎಂದು ಬರೆದು ಹೆಮ್ಮೆಯಿಂದ ಮುಂದಿಟ್ಟೆ.

ಸರ್ ಕನ್ನಡಕ ಹಣೆಗೇರಿಸಿ ಪಟ್ಟಿಯನ್ನು ಬಹಳ ಹೊತ್ತು ನೋಡಿದರು.

"ನಿಮ್ಮ ಮನ್ಯಾಗ ದಿನಾ ಚಹಾ ಮಾಡ್ತೀರಲ್ರಿ, ಇನ್ನೂರು ಸಲ ಮಾಡಿದ್ರ ಇನ್ನೂರೂ ಸಲ ಅಷ್ಟ ನಿಮಿಷಕ್ಕ ಕುದಿತದೇನು?"

"ಇದು ಕಾರ್ಖಾನೆ ಸರ್, ಚಹಾ ಅಲ್ಲ."

"ಹೌದ್ರಿ. ಚಹಾ ಕೆಟ್ರ ಚೆಲ್ಲಬಹುದು." ಪೆನ್ಸಿಲ್ ತೆಗೆದು ನನ್ನ 'ಅಳೆದದ್ದು' ಎಂಬುದನ್ನು ಹೊಡೆದು 'ಯಾರೋ ಬರೆದದ್ದು' ಎಂದು ತಿದ್ದಿದರು. "ಗೊತ್ತಿಲ್ಲ ಅಂತ ಬರದ್ರ ಅದಕ್ಕೊಂದು ಪೈಪ್ ಹಾಕಬಹುದು. ಗೊತ್ತದ ಅಂತ ಸುಳ್ಳು ಬರದ್ರ ಪೈಪ್ ಎಲ್ಲಿ ಹಾಕೂದು? ಹೋಗ್ರಿ, ಹಂಡೆದ ಮುಂದ ಒಂದು ವಾರ ಕುಂದರ್ರಿ."

ನನಗೆ ಸಿಟ್ಟು ಬೇಗ ಬರುತ್ತದೆ, ಮನೆಯವರೆಲ್ಲ ಬಲ್ಲರು. ಅವತ್ತು ಸಂಜೆ ಠಾಣೆ ಲೋಕಲ್ಲಿನಲ್ಲಿ ಕಿಟಕಿಯ ಸೀಟು ಸಿಕ್ಕಿದ್ದರೂ ತಣ್ಣಗಾಗಲಿಲ್ಲ. ಮರುದಿನ ನೌಪಾಡಾದ ಮನೆಯಿಂದ ಕತ್ತಲೆಯಿರುವಾಗಲೇ ಹೊರಟು, ಡೊಂಬಿವಲಿಯಲ್ಲಿ ಇಳಿದು, ಶೇರ್ ರಿಕ್ಷಾದಲ್ಲಿ ಮೂವರ ನಡುವೆ ನುಜ್ಜಾಗಿ ಏಳು ಗಂಟೆಯ ಪಾಳಿಗೆ ಕಾರ್ಖಾನೆ ಮುಟ್ಟಿದೆ.

ಬೆಳಗಿನ ಪಾಳಿಯಲ್ಲಿ ಹಂಡೆ ನೋಡಿಕೊಳ್ಳುತ್ತಿದ್ದವರು ಹಿರಿಯ ಆಪರೇಟರು. ಐವತ್ತೆಂಟು ದಾಟಿದ ತೆಳ್ಳಗಿನ ಮನುಷ್ಯ, ಕೊರಳಲ್ಲಿ ತೊಳೆದು ತೊಳೆದು ಬಣ್ಣ ಹೋದ ಟವೆಲು, ಸುರಕ್ಷಾ ಹೆಲ್ಮೆಟ್ಟಿನ ಒಳಗೊಂದು ಕರವಸ್ತ್ರ. ಮೊದಲ ಎರಡು ದಿನ ನನ್ನನ್ನು 'ಮೇಡಂ' ಎಂದು ಕರೆದು, ಕುರ್ಚಿ ಒರೆಸಿ ಕೊಟ್ಟು, ಹಿಂದಿಯಲ್ಲಿ ಪ್ರಶ್ನೆಗೊಂದು ಉತ್ತರ ಹೇಳಿ ಸುಮ್ಮನಾಗುತ್ತಿದ್ದರು. ಆ ಎರಡು ದಿನವೂ ಸುರಿಯಲು ಸರಿಯಾಗಿ ನಾಲ್ಕು ಗಂಟೆ ಹಿಡಿಯಿತು. ನಾನು ಎದುರಿಗೆ ಗಡಿಯಾರ ಹಿಡಿದು ಕೂತಿದ್ದರೆ ಇನ್ನೇನಾಗುತ್ತದೆ!

ಮೂರನೆಯ ದಿನ ಅಮ್ಮನ ಫೋನು ಬಂತು. ಮದ್ದು ತೆಗೆದುಕೊಂಡಿರಾ ಎಂದು ನಾನು ತುಳುವಿನಲ್ಲಿ ಗದರಿಸುತ್ತಿದ್ದದ್ದು ಅವರ ಕಿವಿಗೆ ಬಿತ್ತು. ಫೋನಿಟ್ಟ ಕೂಡಲೇ ಹತ್ತಿರ ಬಂದರು.

"ನಮ್ಮ ಊರಿನವಳಾ ನೀನು? ಇದನ್ನು ಮೊದಲೇ ಹೇಳುವುದಲ್ವಾ ಮಾರಾಯ್ತಿ!"

ಕಾರ್ಕಳದ ಕಡೆಯವರು. ಹದಿನಾರಕ್ಕೆ ಠಾಣೆಯ ಒಂದು ಉಡುಪಿ ಹೋಟೆಲಿನ ಅಡಿಗೆ ಮನೆಗೆ ಬಂದು, ರಾತ್ರಿ ಶಾಲೆಯಲ್ಲಿ ಕನ್ನಡದಲ್ಲೇ ಹತ್ತನೆಯ ತರಗತಿ ಮುಗಿಸಿ, ಆಮೇಲೆ ಈ ಕಾರ್ಖಾನೆ ಸೇರಿದವರು. ನನ್ನಪ್ಪನೂ ಹೋಟೆಲಿನ ಗಲ್ಲಾದಲ್ಲಿ ಕೂತವರೇ ಎಂದು ಗೊತ್ತಾದ ಮೇಲೆ ನಾನು 'ಮೇಡಂ' ಆಗುವುದು ನಾಲ್ಕು ಜನರ ಎದುರಿಗೆ ಮಾತ್ರ ಎಂದಾಯಿತು. ನಾನು ಅವರನ್ನು 'ಅಣ್ಣ' ಎನ್ನತೊಡಗಿದೆ. ನಮ್ಮ ಮಾತು ತುಳುವಿನಲ್ಲಿ ಶುರುವಾದರೂ, ರಾತ್ರಿ ಶಾಲೆಯ ಅಭಿಮಾನಕ್ಕೋ ಏನೋ, ಅವರು ಬೇಗ ಕನ್ನಡಕ್ಕೆ ಹೊರಳುತ್ತಿದ್ದರು.

ನಾಲ್ಕನೆಯ ದಿನ ನಾನು ಗಡಿಯಾರವನ್ನು ಚೀಲಕ್ಕೆ ಹಾಕಿಟ್ಟೆ. ಅವತ್ತು ಸುರಿಯುವುದು ಎರಡೂಮುಕ್ಕಾಲು ಗಂಟೆಯಲ್ಲಿ ಮುಗಿಯಿತು.

ಅವರು ನಡುನಡುವೆ ಜಾಕೆಟ್ಟಿನಿಂದ ಹೊರಬರುವ ನೀರಿನ ಪೈಪಿನ ಮೇಲೆ ಅಂಗೈ ಇಟ್ಟು, ಕಣ್ಣು ಅರೆ ಮುಚ್ಚಿ ನಿಲ್ಲುತ್ತಿದ್ದರು. ಆಮೇಲೆ ಕವಾಟವನ್ನು ಕೂದಲೆಳೆಯಷ್ಟು ಅತ್ತ ಅಥವಾ ಇತ್ತ ತಿರುಗಿಸುತ್ತಿದ್ದರು.

"ಎಂಥ ನೋಡ್ತೀರಿ ಅಣ್ಣ?"

"ಪೈಪ್ ಹೇಳ್ತದೆ. ಕೈ ಇಡ್ಲಿಕ್ಕೆ ಆಗದಷ್ಟು ಬಿಸಿ ಉಂಟು ಅಂದ್ರೆ ನಿಲ್ಲಿಸಬೇಕು. ಬೆಚ್ಚಗಿದ್ರೆ ಹಾಗೇ ಬಿಡ್ತಾ ಇರಬೇಕು. ತಣ್ಣಗಿದ್ರೆ ಸ್ವಲ್ಪ ಜಾಸ್ತಿ ಬಿಡಬಹುದು. ಹೋಟೆಲಿನಲ್ಲಿ ಇಡ್ಲಿ ಬೇಯಿಸುವ ಅಟ್ಟಕ್ಕೆ ನಾವು ಹಾಗೇ ಅಲ್ವಾ ನೋಡ್ತಿದ್ದದ್ದು?"

"ಮತ್ತೆ ನಾಲ್ಕು ಗಂಟೆ?"

"ಅದು ಪುಸ್ತಕಕ್ಕೆ." ನಕ್ಕರು. "ಸೇಠ್‌ನ ರೂಲು ನಾಲ್ಕು ಗಂಟೆ, ನಾವೂ ನಾಲ್ಕು ಗಂಟೆ ಬರೀತೇವೆ. ಯಾರಿಗೂ ಬೇಜಾರಿಲ್ಲ."

ಅವಸರ ಯಾಕೆ ಎಂದು ಕೇಳಿದೆ. ಆಗ ಹೊರಬಂದ ಸಂಗತಿ ಯಾವ ಕೈಪಿಡಿಯಲ್ಲೂ ಇರಲಿಲ್ಲ. ಆಪರೇಟರುಗಳ ನಡುವೆ ಒಂದು ಮರ್ಯಾದೆಯ ಕಟ್ಟಳೆ ಇತ್ತು: ಸುರಿಯಲು ಶುರು ಮಾಡಿದವನೇ ಮುಗಿಸಬೇಕು. ಅರ್ಧ ಸುರಿದ ಹಂಡೆಯನ್ನು ಮುಂದಿನ ಪಾಳಿಯವನ ತಲೆಗೆ ಕಟ್ಟಿ ಮನೆಗೆ ಹೋಗುವುದು ಹೇಡಿತನ. ಯಾರೂ ಬರೆದಿಟ್ಟದ್ದಲ್ಲ, ಯಾರೂ ಮುರಿದದ್ದೂ ಇಲ್ಲ. ಚಳಿಗಾಲದ ಬೆಳಗ್ಗೆ ಬಾಯ್ಲರಿನ ಆವಿ ಪಕ್ಕದ ಶೆಡ್ಡಿಗೂ ಹಂಚಿಹೋಗಿ ಹಂಡೆ ಕಾಯುವುದು ತಡವಾಗುತ್ತದೆ. ಅರವತ್ತು ಆಗುವವರೆಗೆ ಕಾದರೆ, ಪಾಳಿ ಬಿಡುವ ಮಧ್ಯಾಹ್ನ ಮೂರು ಗಂಟೆಯೊಳಗೆ ಮುಗಿಯುವುದಿಲ್ಲ. ಹಾಗಾಗಿ ಐವತ್ತಕ್ಕೇ ಶುರು ಮಾಡುವುದು.

"ಆಗ ಪೈಪ್ ಎಂಥ ಹೇಳ್ತದೆ ಅಣ್ಣ?"

"ಜನವರಿಯಲ್ಲಿ ಪೈಪ್ ತಣ್ಣಗೆ ಇರ್ತದೆ. ಬೇಗ ಬೇಗ ಬಿಡಬಹುದು, ಎರಡೂವರೆ ಗಂಟೆಗೆ ಮುಗೀತದೆ. ಒಂದೆರಡು ಸಲ ಕೊನೆಗೆ ಥರ್ಮಾಮೀಟರ್ ಎಂಬತ್ತೈದಕ್ಕೆ ಹಾರಿದ್ದುಂಟು. ಮಾಲು ಸರಿ ಇರ್ಲಿಲ್ಲ ಅಂತ ಕಾಣ್ತದೆ. ನೀರು ಫುಲ್ ಬಿಟ್ಟೆ, ಇಳಿಯಿತು." ಆಮೇಲೆ ಸುತ್ತ ನೋಡಿ ದನಿ ತಗ್ಗಿಸಿದರು. "ಇದನ್ನೆಲ್ಲ ಬರೀಬೇಡ ಆಯ್ತಾ? ಹೋದ ವರ್ಷ ರೂಲು ಮುರಿದ ಅಂತ ಒಬ್ಬನನ್ನು ನಿಂತ ಕಾಲಲ್ಲಿ ತೆಗೆದಿದ್ದಾರೆ. ನನಗೆ ಇನ್ನು ಉಳಿದಿರುವುದು ಎರಡು ವರ್ಷ."

"ಆಯ್ತು ಅಣ್ಣ," ಎಂದುಬಿಟ್ಟೆ. ಯೋಚಿಸದೆ ಕೊಟ್ಟ ಆ ಒಂದು ಮಾತು ಮುಂದಿನ ಎರಡು ತಿಂಗಳು ನನ್ನನ್ನು ಕಟ್ಟಿಹಾಕಿತು.

ತಣ್ಣಗಿರುವ ಪೈಪು ಎಂದರೆ ಎರಡು ಅರ್ಥ. ಒಳಗೆ ಎಲ್ಲ ಸುಖವಾಗಿದೆ ಎನ್ನುವುದು ಒಂದು. ಒಳಗೆ ಬಿದ್ದ ಸರಕು ಇನ್ನೂ ಕೆಲಸವನ್ನೇ ಶುರು ಮಾಡಿಲ್ಲ ಎನ್ನುವುದು ಇನ್ನೊಂದು. ಅಂಗೈಗೆ ಎರಡರ ಭೇದ ತಿಳಿಯುವುದಿಲ್ಲ. ಅದನ್ನು ಊಹೆಯಾಗಿ ಬಿಡಬಾರದೆಂದು ಕಾರ್ಖಾನೆಯ ಎರಡೂ ಸರಕುಗಳ ಮಾದರಿಯನ್ನು ನವಿ ಮುಂಬಯಿಯ ಒಂದು ಪ್ರಯೋಗಾಲಯಕ್ಕೆ ಒಯ್ದೆ. ಹಂಡೆಯಲ್ಲಿ ಆಗುವುದನ್ನು ಲೀಟರಿನ ಗಾಜಿನ ಪಾತ್ರೆಯಲ್ಲಿ ಮಾಡಿ ಶಾಖವನ್ನು ಅಳೆಯುವ ಯಂತ್ರ ಅವರಲ್ಲಿತ್ತು. ಅರವತ್ತು ಡಿಗ್ರಿಯಲ್ಲಿ ನಾಲ್ಕು ಗಂಟೆ ಒಮ್ಮೆ, ಐವತ್ತು ಡಿಗ್ರಿಯಲ್ಲಿ ಎರಡೂವರೆ ಗಂಟೆ ಇನ್ನೊಮ್ಮೆ ಎಂದು ಬರೆದುಕೊಟ್ಟೆ.

ಮೊದಲ ಪರೀಕ್ಷೆಯಲ್ಲಿ ಸುರಿದು ಮುಗಿದಾಗ ಉಳಿದದ್ದು ಹತ್ತರಲ್ಲಿ ಒಂದು ಪಾಲಿಗಿಂತ ಕಡಿಮೆ. ಎರಡನೆಯದರಲ್ಲಿ ಹೆಚ್ಚುಕಡಿಮೆ ಅರ್ಧ. ಅರ್ಧ ಸರಕು ಒಟ್ಟಿಗೆ ಎದ್ದರೆ, ಆ ಹೊತ್ತಿಗೆ ನೀರು ಕೈಕೊಟ್ಟರೆ, ಬಿಸಿ ನೂರಹತ್ತನ್ನು ಆರಾಮಾಗಿ ದಾಟುತ್ತದೆ. ಕೋಷ್ಟಕವನ್ನು ಇನ್ನೊಮ್ಮೆ ಮೊದಲಿನಿಂದ ಓದಿದೆ. ಎಂಬತ್ತೈದಕ್ಕೆ ಹಾರಿದ ಆ ಒಂದೆರಡು ದಿನ ಮಾಲು ಸರಿಯಾಗಿಯೇ ಇತ್ತು. ನೀರೂ ಸರಿಯಾಗಿತ್ತು ಎನ್ನುವುದೊಂದೇ ಅವರ ಪುಣ್ಯ.

ಈ ಲೆಕ್ಕಕ್ಕೆ ಹತ್ತು ಇಂಚಿಗಿಂತ ದೊಡ್ಡ ಪೈಪು ಬೇಕು. ಹಂಡೆಯ ಬಾಯಿ ಆರು ಇಂಚು. ಗಾಜಿನ ಲೇಪದ ಹಂಡೆಯನ್ನು ಕೊರೆಯುವಂತಿಲ್ಲ, ಬೆಸುಗೆ ಹಾಕುವಂತಿಲ್ಲ. ಗಾಜು ಬಿರಿದರೆ ಹಂಡೆಯೇ ಹೋಯಿತು.

ಸರ್ ಹೊಸ ಲೆಕ್ಕ ನೋಡಿದರು. "ಐವತ್ತು ಡಿಗ್ರಿ, ಎರಡೂವರೆ ತಾಸು. ಇದು ಎಲ್ಲಿಂದ ಬಂತ್ರಿ?"

"ಹೇಳುವ ಹಾಗಿಲ್ಲ ಸರ್. ಮಾತು ಕೊಟ್ಟಿದ್ದೇನೆ."

"ಹಂಗಾದ್ರ ಅದು ಬರೇ ಪೆನ್ಸಿಲ್. ಸೇಠ್ ಲಾಗ್‌ಬುಕ್ ತೋರಸ್ತಾನ, ನೀವು ಬಾಯಿ ಮುಚಗೊಂಡು ಆರು ಇಂಚಿಗೆ ಸಹಿ ಹಾಕ್ತೀರಿ. ಹಾಕ್ತೀರೇನು?"

"ಇಲ್ಲ."

"ಮತ್ತ ಮಾತು ಯಾಕ ಕೊಟ್ರಿ?"

ಅವರು ಬೈಯಲಿಲ್ಲ. ಡಬ್ಬಿಯಿಂದ ಒಂದು ಚಪಾತಿ ತೆಗೆದು ನನ್ನ ಕಡೆ ಸರಿಸಿ, "ಮಾತು ಯಾರಿಗೆ ಕೊಟ್ಟೀರಿ ಅವರ ಕಡೆನ ಹೋಗಿ ತಿರುಗಿ ಇಸಗೊಂಡು ಬರ್ರಿ," ಎಂದರು.

ಭಾನುವಾರ ಕಲ್ಯಾಣಕ್ಕೆ, ಅಣ್ಣನ ಮನೆಗೆ ಹೋದೆ. ಎರಡು ಕೋಣೆಯ ಮನೆ. ಅತ್ತಿಗೆ ನೀರುದೋಸೆ ಹುಯ್ಯುತ್ತಾ, ನನ್ನ ತಟ್ಟೆ ಖಾಲಿಯಾಗದಂತೆ ನೋಡಿಕೊಂಡರು. ಕಾಲೇಜು ಓದುವ ಮಗಳು ಅಪ್ಪನ ಕನ್ನಡಕ್ಕೆಲ್ಲ ಮರಾಠಿಯಲ್ಲಿ ಉತ್ತರ ಕೊಡುತ್ತಾ ಕೂದಲು ಒಣಗಿಸುತ್ತಿದ್ದಳು. ಇಂಥ ಮನೆಯಲ್ಲಿ ಕೂತು, ನಿಮ್ಮ ಕೈ ತಪ್ಪು ಹೇಳುತ್ತಿದೆ ಎನ್ನುವುದು ಹೇಗೆ? ಆರನೆಯ ದೋಸೆಯ ಹೊತ್ತಿಗೆ ಪ್ರಯೋಗಾಲಯದ ಹಾಳೆ ತೆಗೆದು ನೆಲದ ಮೇಲೆ ಹರಡಿದೆ.

ಅವರು ಎರಡು ಪರೀಕ್ಷೆಗಳ ಗೆರೆಗಳನ್ನೂ ಬೆರಳಿನಿಂದ ಸವರುತ್ತಾ ಕೇಳಿಸಿಕೊಂಡರು. ಮುಖ ಕಪ್ಪಿಟ್ಟಿತು.

"ಇಪ್ಪತ್ತೆರಡು ವರ್ಷ ಆಯ್ತು ನಾನು ಆ ಹಂಡೆ ನೋಡುವುದು. ನನ್ನ ಕೈ ಸುಳ್ಳು ಹೇಳ್ತದಾ?"

"ಬೇಸಿಗೆಯಲ್ಲಿ ನಿಜ ಹೇಳ್ತದೆ ಅಣ್ಣ. ಚಳಿಗಾಲದಲ್ಲಿ ಅದಕ್ಕೆ ಗೊತ್ತಾಗುವುದಿಲ್ಲ."

ಅವರು ಎರಡನೆಯ ಗೆರೆಯ ಮೇಲೆ ಮತ್ತೊಮ್ಮೆ ಬೆರಳಾಡಿಸಿದರು. ಆಮೇಲೆ ತಮ್ಮಷ್ಟಕ್ಕೇ ಎಂಬಂತೆ ಅಂದರು: "ಒಲೆಗೆ ಹಸಿ ಸೌದೆ ಇಟ್ಟ ಹಾಗೆ. ಹತ್ತುವುದಿಲ್ಲ ಹತ್ತುವುದಿಲ್ಲ ಅಂತ ಇನ್ನೂ ನಾಲ್ಕು ತುರುಕುವುದು. ಹತ್ತಿದಾಗ ಎಲ್ಲ ಒಟ್ಟಿಗೆ."

ನಾನು ಎರಡು ವಾರ ಕೂತು ವರದಿಯಲ್ಲಿ ಒಂದು ಪುಟ ತುಂಬಿಸಿದ್ದ ವಿಷಯ ಅಷ್ಟೇ. ಆ ಗಳಿಗೆಯಲ್ಲಿ ಅವರ ಮೇಲೆ ನನಗೆ ಎಷ್ಟು ಪ್ರೀತಿ ಬಂತೆಂದು ಹೇಳಲಾರೆ.

ನನ್ನ ಯೋಚನೆ ಅವರ ಮುಂದಿಟ್ಟೆ. ದೊಡ್ಡ ಪೈಪು ಹಾಕಲು ಆಗುವುದಿಲ್ಲ. ಹಾಗಾದರೆ ಎಷ್ಟು ಸರಕು ಉಳಿದೀತು ಎಂದು ಊಹಿಸುತ್ತಾ ಕೂರುವುದಕ್ಕಿಂತ, ಯಾರು ಏನು ಮಾಡಿದರೂ ಹೆಚ್ಚು ಉಳಿಯದಂತೆ ಹಂಡೆಯನ್ನೇ ಕಟ್ಟಿಬಿಡಬೇಕು. ಸುರಿಯುವ ಪೈಪಿನಲ್ಲಿ ಒಂದು ತಟ್ಟೆ, ಅದರ ನಡುವೆ ಸಣ್ಣ ತೂತು. ಕವಾಟವನ್ನು ಪೂರಾ ತೆರೆದರೂ ಅದಕ್ಕಿಂತ ಬೇಗ ಹರಿಯಬಾರದು. ಒಳಗಿನ ಬಿಸಿ ಐವತ್ತೆಂಟು ಮುಟ್ಟುವವರೆಗೆ ತೆರೆಯಲೇ ಆಗದ, ಗಾಳಿಯೋ ಕರೆಂಟೋ ಹೋದರೆ ಸ್ಪ್ರಿಂಗಿನಿಂದ ತಾನೇ ಮುಚ್ಚಿಕೊಳ್ಳುವ ಕವಾಟ.

"ಆಗ ಮೂರು ಗಂಟೆಗೆ ಮುಗಿಯುವುದಿಲ್ಲ," ಎಂದರು ಅಣ್ಣ. "ಅರ್ಧ ಸುರಿದದ್ದನ್ನು ಬಿಟ್ಟು ಯಾರೂ ಹೋಗುವುದಿಲ್ಲ. ನಿನ್ನ ತಟ್ಟೆಯನ್ನೇ ಬಿಚ್ಚಿ ಬಿಸಾಡ್ತಾರೆ, ನೋಡು."

ಅದು ನನಗೆ ಹೊಳೆದಿರಲಿಲ್ಲ. ಮೇಲೆ ಒಂದು ದೊಡ್ಡ ಟ್ಯಾಂಕು ಇರುವ ಬದಲು ಕಾಲು ಪಾಲು ಮಾತ್ರ ಹಿಡಿಯುವ ಸಣ್ಣ ಟ್ಯಾಂಕು ಮಾಡು, ಎಂದು ಅವರೇ ಹೇಳಿದರು. ಒಂದು ಸಲ ತುಂಬಿಸಿದರೆ ಒಂದು ಪಾಲು. ಶುರು ಮಾಡಿದವನು ತನ್ನ ಪಾಲು ಮುಗಿಸಿ ಹೋಗುತ್ತಾನೆ. ಮುಂದಿನವನಿಗೆ ಅವನದೇ ಪಾಲು. ಯಾರೂ ಯಾರ ತಲೆಗೂ ಕಟ್ಟಿದ ಹಾಗಾಗುವುದಿಲ್ಲ. ನಾನು ನೀರುದೋಸೆಯ ಕೈಯಲ್ಲೇ ಹಾಳೆಯ ಹಿಂದೆ ಚಿತ್ರ ಬರೆದುಕೊಂಡೆ. ಸರಕು ಸಣ್ಣ ಟ್ಯಾಂಕಿನಲ್ಲಿ ಇದ್ದಷ್ಟೇ ಬೀಳುವುದರಿಂದ, ಉಳಿದೆಲ್ಲ ಕೈಕೊಟ್ಟರೂ ಒಮ್ಮೆಗೆ ಕಾಲು ಭಾಗ ಮಾತ್ರ. ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಆರು ಇಂಚು ಸಾಕಾದೀತು.

ಉಳಿದದ್ದು ಒಂದೇ. "ಇದೆಲ್ಲ ಯಾಕೆ ಬೇಕು ಅಂತ ಸೇಠ್ ಕೇಳ್ತಾರೆ ಅಣ್ಣ. ನಾನು ಎಂಥ ಹೇಳಲಿ?"

ಅವರು ಹಾಳೆಯನ್ನು ಮಡಚಿ ನನ್ನ ಕಡೆ ಸರಿಸಿದರು. ಹೊರಡುವಾಗ ಬಾಗಿಲವರೆಗೂ ಬರಲಿಲ್ಲ. ಅತ್ತಿಗೆಯೇ ಬಂದು ಒಂದು ಪೊಟ್ಟಣ ಚಕ್ಕುಲಿ ಕೈಗಿಟ್ಟರು.

ಹತ್ತು ದಿನಗಳ ನಂತರ ಕಾರ್ಖಾನೆಯಲ್ಲಿ ಪರಿಶೀಲನಾ ಸಭೆ. ಉದ್ದನೆಯ ಮೇಜು, ಒಂದು ತುದಿಗೆ ಸೇಠ್, ನಡುವೆ ಸರ್ ಮತ್ತು ನಾನು, ಗೋಡೆಗೆ ಒರಗಿ ಮೂರು ಪಾಳಿಯ ಆಪರೇಟರುಗಳು. ಒಂದೊಂದೇ ಪೈಪನ್ನು ಹಿಡಿದು, ಇಲ್ಲಿ ಹೆಚ್ಚು ಹರಿದರೆ ಏನು, ಬೇಗ ಹರಿದರೆ ಏನು, ತಣ್ಣಗಿದ್ದರೆ ಏನು ಎಂದು ಕೇಳುತ್ತಾ ಹೋಗುವುದು ಪದ್ಧತಿ. ಸುರಿಯುವ ಪೈಪಿಗೆ ಬಂದಾಗ ನಾನು, "ಐವತ್ತು ಡಿಗ್ರಿಯಲ್ಲಿ ಎರಡೂವರೆ ಗಂಟೆಯಲ್ಲಿ ಸುರಿದರೆ ಏನಾಗುತ್ತದೆ?" ಎಂದು ಪ್ರಯೋಗಾಲಯದ ಹಾಳೆ ಮುಂದಿಟ್ಟೆ.

ಸೇಠ್ ಲಾಗ್‌ಬುಕ್ಕನ್ನು ಮೇಜಿನ ಮೇಲೆ ಕುಕ್ಕಿದರು. "ಮೇಡಂ, ಯೇ ಕ್ಯಾ ಝೂಟ್ ಹೈ? ದೋ ಸೌ ಬ್ಯಾಚ್, ಸಬ್ ಚಾರ್ ಘಂಟಾ! ಕಿಸ್‌ನೇ ಬೋಲಾ?" ನಿಮಗಿದನ್ನು ಹೇಳಿದ್ದು ಯಾರೆಂದು ಅಬ್ಬರಿಸಿದರು.

ನಾನು ಬಾಯಿ ತೆರೆದೆ, ಮುಚ್ಚಿದೆ. ಸರ್ ನನ್ನನ್ನೇ ನೋಡುತ್ತಿದ್ದರು. ಸಾಮಾನ್ಯವಾಗಿ ನಾನು ಜಗಳಕ್ಕೆ ತಡ ಮಾಡುವವಳಲ್ಲ.

"ಮೈನೇ ಬೋಲಾ, ಸೇಠ್."

ಹೇಳಿದ್ದು ನಾನೇ ಎಂದು ಗೋಡೆಯ ಬಳಿಯಿಂದ ಅಣ್ಣ. ಹೆಲ್ಮೆಟ್ಟನ್ನು ಎರಡು ಕೈಯಲ್ಲಿ ಹಿಡಿದು ಮುಂದೆ ಬಂದಿದ್ದರು. ಪೈಪಿನ ಮೇಲೆ ಕೈ ಇಡುವುದು, ಐವತ್ತಕ್ಕೇ ಶುರು ಮಾಡುವುದು, ಎಂಬತ್ತೈದಕ್ಕೆ ಹಾರಿದ್ದು, ಪುಸ್ತಕದಲ್ಲಿ ನಾಲ್ಕು ಬರೆದದ್ದು, ಎಲ್ಲವನ್ನೂ ತಮ್ಮ ಮುರುಕು ಹಿಂದಿಯಲ್ಲಿ, ಒಂದನ್ನೂ ಬಿಡದೆ ಹೇಳಿದರು. ಬೇರೆಯವರ ಹೆಸರು ಒಂದೂ ಬರಲಿಲ್ಲ. ಕೊನೆಗೆ, "ಗಲತಿ ಮೇರಾ ಹೈ. ಮೇಡಂ ಕಾ ನಹೀ," ಎಂದು ತಪ್ಪನ್ನೆಲ್ಲ ತಮ್ಮ ಮೇಲೆಯೇ ಹಾಕಿಕೊಂಡರು.

ಸೇಠ್ ಎದ್ದು ನಿಂತರು. ಮುಖ ಕೆಂಪಾಗಿತ್ತು. ಅವರು ಬಾಯಿ ತೆರೆಯುವ ಮೊದಲೇ ನಾನು ಶುರು ಮಾಡಿದೆ.

"ಸೇಠ್, ಇವರನ್ನು ನೀವು ತೆಗೆದರೆ, ಇಲ್ಲಿ ನಿಂತಿರುವ ಉಳಿದವರೆಲ್ಲ ಇನ್ನು ಮುಂದೆಯೂ ನಾಲ್ಕು ಗಂಟೆ ಎಂದೇ ಬರೆಯುತ್ತಾರೆ. ಆಗ ಈ ಹಂಡೆಯ ಬಗ್ಗೆ ನನಗೆ ಏನೂ ಗೊತ್ತಿಲ್ಲ ಎಂದಾಗುತ್ತದೆ. ಗೊತ್ತಿಲ್ಲದ ಹಂಡೆಗೆ ನಾನು ಸಹಿ ಹಾಕುವುದಿಲ್ಲ. ಬೇರೆಯವರನ್ನು ನೋಡಿಕೊಳ್ಳಿ."

ಇಂಥ ಕಡೆ ನನ್ನನ್ನು ಸುಮ್ಮನಿರಿಸುವುದು ಸರ್ ಅವರ ವಾಡಿಕೆ. ಅವತ್ತು ಅವರು ನಿಧಾನವಾಗಿ ತಮ್ಮ ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟರು. "ನನ್ನ ಸಹಿನೂ ಇಲ್ಲ," ಎನ್ನುವುದನ್ನು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಹೇಳಿದರು.

ಸೇಠ್ ಕೆಟ್ಟ ಮನುಷ್ಯ ಅಲ್ಲ. ಹೊರಗೆ ಹೋಗಿ, ಅಂಗಳದಲ್ಲಿ ಎರಡು ಸುತ್ತು ಹಾಕಿ ಬಂದು ಕೂತರು. ಪ್ರಯೋಗಾಲಯದ ಹಾಳೆಯನ್ನೂ ಅದರ ಹಿಂದೆ ನಾನು ಬರೆದಿದ್ದ ಸಣ್ಣ ಟ್ಯಾಂಕಿನ ಚಿತ್ರವನ್ನೂ ನೋಡಿದರು. ಪಕ್ಕದ ಶೆಡ್ಡಿನಲ್ಲೇ ಅವರ ಮಗ ಕೂರುತ್ತಾನೆ ಎಂಬುದು ನನಗೆ ಆಮೇಲೆ ಗೊತ್ತಾಯಿತು. "ಎಂಬತ್ತೈದು," ಎಂದು ಒಂದು ಸಲ ತಮ್ಮಷ್ಟಕ್ಕೇ ಹೇಳಿಕೊಂಡು, ಅಣ್ಣನ ಕಡೆ ತಿರುಗಿ, "ಆ ಸಣ್ಣ ಟ್ಯಾಂಕು ಎಲ್ಲಿ ಕೂರಿಸಬೇಕು, ತೋರಿಸು," ಎಂದರು. ಕ್ಷಮಿಸಿದೆ ಎಂದೇನೂ ಹೇಳಲಿಲ್ಲ. ಅದರ ಅಗತ್ಯವೂ ಇರಲಿಲ್ಲ.

ಆಮೇಲೆ ನಡೆದದ್ದು ಬರಿಯ ಕೆಲಸ, ಮತ್ತು ಬೇಕಾದಷ್ಟು ಎಡವಟ್ಟು. ತೂತಿನ ತಟ್ಟೆಯನ್ನು ನಾನು ನೀರಿನಲ್ಲಿ ಪರೀಕ್ಷಿಸಿ ಬೀಗಿದ್ದೆ. ನಿಜವಾದ ದ್ರವ ನೀರಿಗಿಂತ ಗಟ್ಟಿ. ಮೊದಲ ಬ್ಯಾಚಿಗೆ ಒಂಬತ್ತು ಗಂಟೆ ಹಿಡಿಯಿತು. ಎರಡು ಪಾಳಿಯವರೂ ನನ್ನನ್ನು ನೋಡಿದ ರೀತಿ ಬೇಡ. ತಟ್ಟೆಯನ್ನು ಮೂರು ಸಲ ಬದಲಿಸಿದೆವು, ಪ್ರತಿ ಸಲವೂ ಬೇಸಿಗೆಯ ತೆಳು ದ್ರವಕ್ಕೆ ಲೆಕ್ಕ ಹಾಕಿ, ಚಳಿಗಾಲದಲ್ಲಿ ಎಷ್ಟು ತಡವಾದೀತೆಂದು ಬರೆದಿಟ್ಟು. ಬಿಸಿ ಅಳೆಯುವ ಕಡ್ಡಿ ಒಂದೇ ಇದ್ದರೆ ಅದು ಸುಳ್ಳು ಹೇಳಿದಾಗ ಯಾರನ್ನು ಕೇಳುವುದು ಎಂದು ಸರ್ ಎರಡನೆಯದನ್ನು ಹಾಕಿಸಿದರು. ಎರಡರಲ್ಲಿ ಕಡಿಮೆ ತೋರಿಸುವುದನ್ನು ನಂಬಿ ಕವಾಟ ತೆರೆಯಬೇಕು, ಹೆಚ್ಚು ತೋರಿಸುವುದನ್ನು ನಂಬಿ ಮುಚ್ಚಬೇಕು. ಲಾಗ್‌ಬುಕ್ಕಿನಲ್ಲಿ ಸಮಯದ ಕಾಲಂ ಮೊದಲ ಬಾರಿಗೆ ಅಂಕುಡೊಂಕಾಯಿತು. ಒಂದು ಪಾಲಿಗೆ ಒಂದು ಗಂಟೆ ಹತ್ತು ನಿಮಿಷ, ಮುಂದಿನ ಪಾಲಿಗೆ ಒಂದು ಗಂಟೆ ಮೂವತ್ತೈದು, ಅದರ ಮುಂದಿನದಕ್ಕೆ ಒಂದು ಗಂಟೆ ಇಪ್ಪತ್ತು. ಅದನ್ನು ನೋಡಿ ಸರ್, "ಈಗ ನೋಡ್ರಿ, ಮನುಷ್ಯಾರು ಬರದಂಗ ಅದ," ಎಂದು ಪೆನ್ನಿನಲ್ಲಿ 'ಅಳೆದದ್ದು' ಎಂದು ಬರೆದರು. ಇಬ್ಬರೂ ಸಹಿ ಹಾಕಿದೆವು.

ಜನವರಿಯ ಒಂದು ಬೆಳಗ್ಗೆ ನಾನು ಬೇಲಾಪುರಕ್ಕೆ ಹೋಗುವ ಲೋಕಲ್ಲಿನಲ್ಲಿ ನಿಂತಿದ್ದೆ. ಠಾಣೆಯಲ್ಲಿ ಅಪರೂಪಕ್ಕೆ ಸ್ವೆಟರ್ ಹಾಕುವಷ್ಟು ಚಳಿ. ಅಣ್ಣನ ಫೋನು.

"ಕವಾಟ ಓಪನ್ ಆಗ್ತಾ ಇಲ್ಲ ಮಾರಾಯ್ತಿ. ಇಪ್ಪತ್ತು ನಿಮಿಷ ಆಯ್ತು."

"ಒಳಗೆ ಎಷ್ಟು ಉಂಟು?"

"ಐವತ್ತಮೂರು. ಬಾಯ್ಲರ್ ಇವತ್ತೂ ತಡ."

"ಹಾಗಾದ್ರೆ ಸರಿಯಾಗಿಯೇ ಉಂಟು ಅಣ್ಣ. ಕಾಯಬೇಕು."

"ಗೊತ್ತುಂಟು, ಕಾಯ್ತಾ ಇದ್ದೇನೆ." ಆಚೆ ಕಡೆ ಕಲಕುವ ಯಂತ್ರದ ಸದ್ದು ಮಾತ್ರ ಕೇಳುತ್ತಿತ್ತು. "ಸುಮ್ಮನೆ ಪೈಪ್ ಮುಟ್ಟಿ ನೋಡಿದೆ. ತಣ್ಣಗೆ ಉಂಟು. ಅಭ್ಯಾಸ ನೋಡು, ಕೈ ತಾನಾಗಿಯೇ ಕವಾಟಕ್ಕೆ ಹೋಯ್ತು. ತಿರುಗಿಸಿದೆ ಕೂಡ. ಅದು ಅಲ್ಲಾಡಲಿಲ್ಲ."

ನಾನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ.

"ನಾನು ಇಂಥ ಬೆಳಗ್ಗೆಯೇ ಸುರೀತಾ ಇದ್ದದ್ದು. ಇಪ್ಪತ್ತೆರಡು ವರ್ಷ, ಒಂದೊಂದು ಜನವರಿಯೂ." ಅವರ ದನಿ ಸಣ್ಣದಾಯಿತು. "ಆ ಕೂಲಿ ಹುಡುಗರೆಲ್ಲ ಹಂಡೆಯ ಕೆಳಗೆ ಚೀಲ ಹೊರ್ತಾ ಇರ್ತಿದ್ದರು. ಎಷ್ಟು ಸಲ ಅನಾಹುತ ಸ್ವಲ್ಪದರಲ್ಲಿ ತಪ್ಪಿ ಹೋಗಿರಬಹುದು, ನೀನು ಲೆಕ್ಕ ಹಾಕುವವಳಲ್ವಾ, ಹೇಳು."

ಹಾಕಿ ನೋಡಿದ್ದೆ. ಬೇಕಾದಷ್ಟು ಹಾಳೆ ತುಂಬಿಸಿದ್ದೆ. ಯಾವ ದಿನ ಎಷ್ಟು ಡಿಗ್ರಿಗೆ ಶುರುವಾಯಿತು, ಎಷ್ಟು ಗಂಟೆ ಹಿಡಿಯಿತು ಎಂದು ಪುಸ್ತಕದಲ್ಲಿ ಇರಲಿಲ್ಲ. ಇದ್ದದ್ದು ನಾಲ್ಕು ಗಂಟೆ, ಇನ್ನೂರು ಸಲ.

"ಗೊತ್ತಿಲ್ಲ ಅಣ್ಣ," ಎಂದೆ. "ಇನ್ನು ಗೊತ್ತಾಗುವುದೂ ಇಲ್ಲ."

ಅವರು ಫೋನಿಡಲಿಲ್ಲ, ನಾನೂ ಇಡಲಿಲ್ಲ. ಐವತ್ತನಾಲ್ಕು, ಎಂದರು ಸ್ವಲ್ಪ ಹೊತ್ತಿಗೆ. ಐವತ್ತಾರು. ನಾನು ಇಳಿಯಬೇಕಾದ ಸ್ಟೇಷನ್ ಬಂದು ಹೋಯಿತು, ಬಾಗಿಲ ಬಳಿಯ ಹೆಂಗಸರು ಬೈದರು, ನಾನು ಕಂಬ ಹಿಡಿದು ನಿಂತೇ ಇದ್ದೆ. ಐವತ್ತೇಳು. ಆಮೇಲೆ ಆ ಕಡೆಯಿಂದ ಗಾಳಿ ಬಿಟ್ಟಂಥ ಒಂದು ಸಣ್ಣ ಸದ್ದು, ಕವಾಟ ತಾನಾಗಿ ತೆರೆದುಕೊಂಡದ್ದು.

"ಮೊದಲ ಹನಿ ಬಿತ್ತು," ಎಂದರು ಅಣ್ಣ, ಮತ್ತು ಅಳತೊಡಗಿದರು.